ಉಮಾಶ್ರೀ ಯಾರಿಗೂ ಮುಟ್ಟಗೊಡದ ಕಂಪ್ಯೂಟರು

ದುರ್ಗದಬೈಲಿನ ಹಿಂದಿನ ಗಲ್ಲಿಯಲ್ಲಿ, ಬಳೆ ಅಂಗಡಿಯ ಮಾಳಿಗೆಯ ಮೇಲೆ ಶಾಂತಯ್ಯನವರ ಇಂಟರ್‌ನೆಟ್ ಸೆಂಟರ್ ಇತ್ತು. ಅಲ್ಲಿ ಏಳು ಕಂಪ್ಯೂಟರು, ಹೊರಗಿನಿಂದ ಬರುವ ಲೈನು ಮಾತ್ರ ಒಂದೇ. ಅದು ಕೌಂಟರಿನ ಕಂಪ್ಯೂಟರಿಗೆ ಬಂದು, ಅಲ್ಲಿಂದ ಉಳಿದ ಆರಕ್ಕೂ ಹಂಚಿಕೆಯಾಗಬೇಕು. ಅದಕ್ಕೇ ಆ ಒಂದಕ್ಕೆ ಎರಡು ನೆಟ್‌ವರ್ಕ್ ಕಾರ್ಡು. ಒಂದರಲ್ಲಿ ಲೈನು ಒಳಗೆ ಬರಬೇಕು, ಇನ್ನೊಂದರಿಂದ ಉಳಿದವಕ್ಕೆ ಹೋಗಬೇಕು. 2001ರಲ್ಲಿ ಇದನ್ನು ಹೊಂದಿಸಲು ಬಂದ ಇಬ್ಬರು ಮೆಕ್ಯಾನಿಕರು ಕೈಚೆಲ್ಲಿ ಹೋದರು. ಆಗ ಶಾಂತಯ್ಯನವರ ತಂಗಿಯ ಮಗಳು ಉಮಾಶ್ರೀ ಮೂರು ದಿನ ಊಟ ನಿದ್ದೆ ಬಿಟ್ಟು ಕೂತು, ಏಳೂ ಕಂಪ್ಯೂಟರಿನಲ್ಲಿ ನೆಟ್ ಬರಿಸಿ ತೋರಿಸಿದಳು.

ಅಷ್ಟೇ ನೋಡಿ, ಆ ಕಂಪ್ಯೂಟರು ಅವಳ ಸ್ವತ್ತಾಯಿತು. "ಯಾರರ ಇದನ್ನ ಮುಟ್ಟಿದ್ರ ನಾ ಸುಮ್ನ ಬಿಡಂಗಿಲ್ಲ!" ಎಂದು ಸೋದರಮಾವನಿಗೂ ತಾಕೀತು. ಹುಡುಗಿಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತಿತ್ತು. ಆದರೆ ಅದರ ಒಳಗಿನ ಮಾತು ಬೇರೆ. ತಂದೆಯಿಲ್ಲದೆ ಮಾವನ ಮನೆಯಲ್ಲಿ ಬೆಳೆದವಳಿಗೆ, 'ಉಮಾ ಇಲ್ಲದಿದ್ದರೆ ಅಂಗಡಿ ನಡೆಯುವುದಿಲ್ಲ' ಎಂದು ಜನ ಅನ್ನುವುದು ಕೇಳಲು ಎಷ್ಟು ಹಿತವಾಗಿತ್ತು!

ಅದೇ ಮಾತು ಎರಡು ವರ್ಷದಲ್ಲಿ ಕೊರಳಿಗೆ ಸುತ್ತಿಕೊಂಡಿತು. ಗೆಳತಿಯ ಮದುವೆಗೆಂದು ಹೆಬ್ಬಳ್ಳಿಗೆ ಹೋದರೆ ಅಕ್ಕಿಕಾಳು ಬೀಳುವ ಮೊದಲೇ ಫೋನು. ಮೈಯಲ್ಲಿ ಜ್ವರವಿದ್ದರೂ ಮಾಳಿಗೆ ಹತ್ತಬೇಕು. ಇಪ್ಪತ್ತಾರರ ಹುಡುಗಿ, ಕಿಟಕಿಯಿಲ್ಲದ ಆ ಕೋಣೆಯಲ್ಲಿ ಫ್ಯಾನಿನ ಸದ್ದು ಕೇಳುತ್ತ, 'ನಾನು ಇಲ್ಲಿಂದ ಪಾರಾಗುವುದು ಯಾವಾಗಪ್ಪಾ ದೇವರೇ' ಎಂದು ಎಷ್ಟು ಸಲ ಅಂದುಕೊಂಡಳೋ.

ಹಾಗಿರುವಾಗ ಧಾರವಾಡದ ಒಂದು ಕಾಲೇಜಿನಿಂದ ಕಾಗದ ಬಂತು. ಕಂಪ್ಯೂಟರ್ ಶಿಕ್ಷಕಿಯ ಹುದ್ದೆ, ಮಧ್ಯಾಹ್ನ ಮೂರಕ್ಕೆ ಸಂದರ್ಶನ. ದಿನ ನೋಡಿದರೆ ಅಮಾವಾಸ್ಯೆ! ಇರಲಿ ಬಿಡು ಎಂದು ಉಮಾಶ್ರೀ ಇಸ್ತ್ರಿ ಸೀರೆ ಉಟ್ಟು, ಸರ್ಟಿಫಿಕೇಟಿನ ಫೈಲು ಹಿಡಿದು, ಮಧ್ಯಾಹ್ನ ಒಂದರವರೆಗೆ ಅಂಗಡಿಯಲ್ಲಿ ಕೂತು ಹೋಗೋಣವೆಂದು ಹತ್ತಕ್ಕೆ ಬಂದಳು.

ಬಂದು ನೋಡಿದರೆ ಯಾವ ಕಂಪ್ಯೂಟರಿನಲ್ಲೂ ನೆಟ್ ಇಲ್ಲ.

ಎರಡೂ ಕಾರ್ಡಿನ ದೀಪ ಹಸಿರಾಗಿಯೇ ಉರಿಯುತ್ತಿದ್ದವು. ಲೈನಿನವರಿಗೆ ಫೋನು ಮಾಡಿದರೆ, "ನಮ್ಮ ಕಡೆ ಎಲ್ಲಾ ಛಲೋ ಐತ್ರಿ" ಎಂದರು. ಹಂಚಿಕೆ ತೆಗೆದು ಮತ್ತೆ ಹಾಕಿದಳು. ಕಾರ್ಡುಗಳಿಗೆ ಕೊಟ್ಟ ವಿಳಾಸದ ನಂಬರುಗಳನ್ನು ಅಳಿಸಿ ಮತ್ತೆ ಬರೆದಳು. ಕಂಪ್ಯೂಟರು ಆರಿಸಿ ಹಚ್ಚಿದಳು, ಅದು ಏಳಲು ಐದು ನಿಮಿಷ ಬೇಕು. ಹನ್ನೊಂದಾಯಿತು, ಹನ್ನೆರಡಾಯಿತು. ಸೌದಿಯಿಂದ ಅಳಿಯ ಕಳಿಸಿದ ಮೊಮ್ಮಗಳ ಫೋಟೋ ನೋಡಲು ಬಂದ ಚಾಂದಬಿ, "ಆತೇನ ಬೇಟಿ?" ಎಂದು ಹತ್ತು ಸಲ ಕೇಳಿದಳು.

ಒಂದು ಹೊಡೆಯಿತು. ಶಾಂತಯ್ಯ ಮೆಲ್ಲಗೆ, "ನೀ ಹೋಗವ್ವಾ. ಗಿರಾಕಿಗೆ ನಾ ಏನರ ಹೇಳತೇನಿ" ಎಂದರು.

"ಇದನ್ನ ಹಿಂಗ ಬಿಟ್ಟು ಹೆಂಗ ಹೋಗ್ಲಿ ಮಾಮಾ? ನಾ ಹ್ವಾದ್ರ ಯಾರು ಮಾಡ್ತಾರ?" ಎಂದು ಉಮಾಶ್ರೀ ರೇಗಿದಳು. ಹೋಗಬಹುದಿತ್ತು. ಬಾಗಿಲು ತೆರೆದೇ ಇತ್ತು. ಆದರೆ ಕಾಲು ಏಳಬೇಕಲ್ಲ! ತನಗೂ ಬರಲಿಲ್ಲವೆಂದು ಜನ ಅಂದಾರೆಂಬ ಭಯ ಅವಳನ್ನು ಕುರ್ಚಿಗೆ ಹಿಡಿದು ಕೂರಿಸಿತ್ತು.

ಎರಡಕ್ಕೆ, ಬೇರೇನೂ ತೋಚದೆ, ಸೀರೆ ಎತ್ತಿ ಸಿಕ್ಕಿಸಿ ಕೌಂಟರಿನ ಕೆಳಗೆ ತೂರಿದಳು. ಕಂಪ್ಯೂಟರಿನ ಹಿಂದೆ ಟಾರ್ಚಿನ ಬೆಳಕು ಬಿಟ್ಟು ನೋಡಿದರೆ ಧೂಳೇ ಇಲ್ಲ. ಫಳಫಳ ಒರೆಸಿದೆ, ಎರಡೂ ಕಾರ್ಡಿನ ಮೇಲೆ ಮೂರೆಳೆ ವಿಭೂತಿ!

"ಮಾಮಾ! ವೈರ್ ತಗದಿದ್ರೇನು?"

ಶಾಂತಯ್ಯ ತಪ್ಪು ಮಾಡಿದ ಶಾಲೆ ಹುಡುಗನ ಹಾಗೆ ನಿಂತಿದ್ದರು. "ಅಮಾಸಿ ಪೂಜಿ ಅಲ್ಲೇನವ್ವಾ... ತಗದು ಒರಿಸಿ ಈಬತ್ತಿ ಹಚ್ಚಿದ್ನಿ. ನೀ ಹೋಗೂ ದಿನಾ, ಎಲ್ಲಾ ಛಲೋ ಆಗಲಿ ಅಂತ. ಎರಡೂ ಒಂದ ಥರಾ ಅದಾವು, ಯಾವ್ದರಾಗ ಯಾವ್ದ ಹಾಕಿದ್ರೂ ನಡೀತೈತಿ ಅಂದ್ಕೊಂಡೆ."

"ಹತ್ತು ಗಂಟೇಕ್ಕ ಯಾಕ ಹೇಳಲಿಲ್ರಿ?"

"ಮುಟ್ಟೀನಿ ಅಂದ್ರ ಬೈತಿದ್ದೆಲ್ಲ ನೀ. ಹೆದರಿದ್ನಿ."

ಬೆಣ್ಣೆ ಕೈಯಲ್ಲಿ ಹಿಡಿದು ತುಪ್ಪಕ್ಕೆ ಊರೆಲ್ಲ ತಿರುಗಿದ ಹಾಗಾಗಿತ್ತು. ವೈರು ಅದಲು ಬದಲು ಮಾಡಿದಳು, ಕೆಡಿಸಿದ ನಂಬರುಗಳನ್ನು ಸರಿಪಡಿಸಿದಳು. ಚಾಂದಬಿಯ ಪರದೆಯ ಮೇಲೆ ಕೂಸಿನ ಮುಖ ಮೂಡಿತು. ಗಡಿಯಾರದಲ್ಲಿ ಎರಡೂಕಾಲು. ಓಡಬೇಕು. ಆದರೆ ಅವಳು ಹೋದ ಮೇಲೆ ಮತ್ತೆ ನಿಂತರೆ? ಕೌಂಟರಿನ ಕೆಳಗೆ ಮಾವನನ್ನು ಕರೆದು ಕೂರಿಸಿಕೊಂಡು, ಎರಡು ವರ್ಷದಲ್ಲಿ ಮೊದಲ ಸಲ ಹೇಳಿಕೊಟ್ಟಳು. ಇದು ಒಳಗೆ ಬರುವುದು, ಇದು ಹೊರಗೆ ಹೋಗುವುದು, ನೆಟ್ ನಿಂತರೆ ಮೊದಲು ಈ ಕಂಪ್ಯೂಟರು ಆರಿಸಿ ಹಚ್ಚಬೇಕು, ಆಮೇಲೆ ಉಳಿದ ಆರನ್ನು. ಹತ್ತು ನಿಮಿಷದ ಕೆಲಸ.

ಬಸ್ಸು ಉಣಕಲ್ಲಿನಲ್ಲಿ ನಿಂತಿತು, ನವನಗರದಲ್ಲಿ ನಿಂತಿತು. ಕಾಲೇಜು ಮುಟ್ಟಿದಾಗ ಮೂರೂ ಮುಕ್ಕಾಲು. "ಮೂರು ಸಲ ಹೆಸರು ಕೂಗಿದ್ವಿರಿ. ಎಲ್ಲಾ ಮುಗೀತು" ಎಂದ ಜವಾನ.

ಐದೂವರೆಗೆ ಮಾಳಿಗೆ ಹತ್ತಿ ಬಂದರೆ ಶಾಂತಯ್ಯನವರ ಮುಖ ಅರಳಿತ್ತು. "ಬಾರವ್ವಾ ಬಾ! ನೀ ಹ್ವಾದ ಮ್ಯಾಲ ಕರೆಂಟ್ ಹೋಗಿ ಬಂತು, ನೆಟ್ ನಿಂತು ಬಿಡ್ತು. ನೀ ಹೇಳಿದಂಗ ಮಾಡಿದ್ನಿ ನೋಡು, ಚಾಲೂ ಆತು! ಭಾಳ ಸಸಾರ ಐತಿ. ಇನ್ನ ಅಂಗಡಿ ಚಿಂತಿ ಬಿಡವ್ವಾ, ನೀ ಎಲ್ಲಿಗಿ ಬೇಕಾದಲ್ಲಿಗಿ ಹೋಗು."

ಉಮಾಶ್ರೀ ಗಿರಾಕಿಗಳ ಸ್ಟೂಲಿನ ಮೇಲೆ ಕುಸಿದು ಕೂತಳು. ಫೈಲು ಇನ್ನೂ ಎದೆಗೆ ಅವಚಿಕೊಂಡೇ ಇದ್ದಳು.

"ಇನ್ನ ಎಲ್ಲಿಗಿ ಹೋಗ್ಲಿ ಮಾಮಾ?" ಎಂದವಳು, ಗಿರಾಕಿಗಳೆಲ್ಲ ತಿರುಗಿ ನೋಡುವ ಹಾಗೆ ಅತ್ತುಬಿಟ್ಟಳು.