ಧಾರಾವಿಯಿಂದ ಡಾಕ್ಟರ ಬೋರ್ಡಿಗೆ

ದೀಪಾವಳಿ ಸೂಟಿ ಬಿಟ್ಟ ಮರುದಿನ ಬೆಳಿಗ್ಗೆ ನಾನು ಬಿಜಾಪುರದ ಸ್ಟೇಶನ್ನಿನಲ್ಲಿ ಮೂರನೆಯ ದರ್ಜೆಯ ಟಿಕೀಟು ತೆಗೆಸಿದೆ. ಸೊಲ್ಲಾಪುರದ ತನಕ ಮೂರು ರೂಪಾಯಿ ಚಿಲ್ಲರೆ, ಅಲ್ಲಿ ಗಾಡಿ ಬದಲಿಸಿ ಮುಂಬಯಿಗೆ ಮತ್ತೆ ಹದಿಮೂರರ ಆಸುಪಾಸು. ಹೆಣ್ಣುಮಕ್ಕಳ ಶಾಲೆಯ ಮಾಸ್ತರಿಣಿಯ ಪಗಾರಿಗೆ ಇದು ಸಣ್ಣ ಖರ್ಚಲ್ಲ. ಆದರೆ ನಾನು ಮುಂಬಯಿ ನೋಡಲು ಹೊರಟವಳಲ್ಲ. ನನ್ನ ತಮ್ಮ ಈರಪ್ಪ ಎರಡು ವರ್ಷದ ಹಿಂದೆ ಅಲ್ಲಿನ ಬಟ್ಟೆ ಗಿರಣಿಯೊಂದರಲ್ಲಿ ಬಲಗೈ ಕಳೆದುಕೊಂಡಿದ್ದ. ಒಂದು ಪಾಳಿ ಮುಗಿಸಿ, ನಾಲ್ಕು ಕಾಸು ಹೆಚ್ಚು ಸಿಗುತ್ತದೆಂದು ಬಾರದ ಗೆಳೆಯನ ಬದಲಿಗೆ ಇನ್ನೊಂದು ಪಾಳಿಗೂ ನಿಂತಿದ್ದ. ಯಂತ್ರದ ಮುಂದೆ ಕಣ್ಣು ಎಳೆದವಂತೆ, ಮುಂಗೈ ಹೋಯಿತು.

ಆಗಿನಿಂದ ವಿಮಾ ಕಚೇರಿಯವರು ತಿಂಗಳಿಗೆ ಅರವತ್ತರ ಆಸುಪಾಸು ರೂಪಾಯಿ ಕೊಡುತ್ತಿದ್ದರು. ಅದು ತಾತ್ಕಾಲಿಕದ್ದು. ಈಗ ಬೋರ್ಡು ಎಂದು ಮೂವರು ಡಾಕ್ಟರು ಕೂತು ಅವನ ಕೈ ನೋಡಿ, ಆ ಹಣ ಬದುಕಿರುವ ತನಕ ಬರಬೇಕೋ ಅಥವಾ ನಿಲ್ಲಬೇಕೋ ಎಂದು ಕೊನೆಯ ಮಾತು ಹೇಳುವವರಿದ್ದರು. ಅದಕ್ಕೇ ಅವನ ಹೆಂಡತಿ ಕಸ್ತೂರಿ ನನಗೆ ಕಾರ್ಡು ಬರೆಸಿದ್ದಳು. ಇವರು ಸಾಹೇಬರ ಮುಂದೆ ಬಾಯಿ ಬಿಡುವವರಲ್ಲ, ನೀವು ಬಾಯಿ ಇದ್ದವರು, ಬರ್ರಿ ಎಂದು. ಹೊಗಳಿದಳೋ ಬೈದಳೋ ತಿಳಿಯಲಿಲ್ಲ. ಎರಡೂ ಇರಬೇಕೆಂದುಕೊಂಡು ಟ್ರಂಕು ತುಂಬಿದೆ.

ಇಂಡಿಯಲ್ಲಿ ನಿಂಬೆಹಣ್ಣಿನ ಬುಟ್ಟಿಗಳು ಹತ್ತಿದವು, ಅವುಗಳ ಜೊತೆ ಒಬ್ಬ ಅಡತಿ ವ್ಯಾಪಾರಿಯೂ ಹತ್ತಿದರು. ಭೀಮಾ ಹೊಳೆ ದಾಟುವಷ್ಟರಲ್ಲಿ ನನ್ನ ಪ್ರಯಾಣದ ಕಾರಣವನ್ನೆಲ್ಲ ಕೇಳಿ ತಿಳಿದುಕೊಂಡರು. ರೊಕ್ಕ ಸುಮ್ಮನೆ ಬರತೊಡಗಿದರೆ ಮನುಷ್ಯ ಕೆಡುತ್ತಾನೆ, ಕೂತು ಉಣ್ಣುವವನಿಗೆ ಕುಡಿಕೆ ಹೊನ್ನೂ ಸಾಲದು, ಕೈ ಕೆಸರಾದರೆ ಬಾಯಿ ಮೊಸರು ಎಂದು ಉಪದೇಶಿಸಿದರು. ಕೆಸರು ಮಾಡಿಕೊಳ್ಳಲು ಕೈಯೇ ಇಲ್ಲದವನು ಏನು ಮಾಡಬೇಕೆಂದು ನಾನು ಕೇಳಿದೆ. ಅವರು ನನ್ನ ಬುತ್ತಿಯ ಶೇಂಗಾ ಚಟ್ನಿ ಚೆನ್ನಾಗಿದೆ ಎಂದು ಎರಡು ರೊಟ್ಟಿ ತಿಂದರು. ಕೆಟ್ಟ ಮನುಷ್ಯರೇನಲ್ಲ. ನಿಜ ಹೇಳಬೇಕೆಂದರೆ, ನಮ್ಮ ಮನೆಯಲ್ಲೂ ಅಂಥ ಮಾತು ಆಡುವವರು ಇದ್ದರು. ಈರ್ಯಾನದೇ ಆರಾಮ, ತಿಂಗಳಾ ತಿಂಗಳಾ ಸರಕಾರವೇ ಸಾಕುತ್ತದೆ ಎನ್ನುತ್ತಿದ್ದರು ಚಿಕ್ಕಪ್ಪನ ಮಕ್ಕಳು.

ಸೊಲ್ಲಾಪುರದಿಂದ ರಾತ್ರಿಯೆಲ್ಲ ಕೂತೇ ಹೋದೆ. ಬೆನ್ನು ಹಲಗೆಯಾಯಿತು. ಬೆಳಿಗ್ಗೆ ದಾದರಿನಲ್ಲಿ ಇಳಿದಾಗ ಈರಪ್ಪ ಬಂದು ನಿಂತಿದ್ದ. ಬಡವಾಗಿದ್ದ, ಆದರೆ ಗಡ್ಡ ನುಣ್ಣಗಿತ್ತು. ನನ್ನ ಟ್ರಂಕನ್ನು ಎಡಗೈಯಿಂದ ಎತ್ತಿ ಹೆಗಲಿಗೆ ಹಾಕಿಕೊಂಡ. ನಾನು ಕೈ ಹಚ್ಚಲು ಹೋದರೆ, ಹಾದಿಯಲ್ಲಿ ಮಂದಿ ನೋಡುತ್ತಾರೆ, ಸುಮ್ಮನಿರು ಎಂದ. ಅಲ್ಲಿಂದ ಸಾಯನ್‌ಗೆ ಲೋಕಲ್. ಎರಡೇ ಸ್ಟೇಶನ್ನು, ಆದರೆ ಹತ್ತುವುದಕ್ಕೆ ಮೂರು ಗಾಡಿ ಬಿಟ್ಟೆವು. ಹೆಂಗಸರ ಡಬ್ಬಿಯಲ್ಲಿ ಮೀನಿನ ಬುಟ್ಟಿಯ ಹೆಂಗಸೊಬ್ಬಳು ನನ್ನ ಇಳಕಲ್ ಸೀರೆಯ ಸೆರಗನ್ನು ಮುಟ್ಟಿ ನೋಡಿ, ಎಷ್ಟಕ್ಕೆ ತಂದೆ ಎಂದು ಮರಾಠಿಯಲ್ಲಿ ಕೇಳಿದಳು. ಮುಂಬಯಿ ನನ್ನೊಡನೆ ಆಡಿದ ಮೊದಲ ಮಾತು ಅದು.

ಧಾರಾವಿಗೆ ಬಂದವರಿಗೆ ಮೊದಲು ಕಾಣುವುದು ಊರಲ್ಲ, ವಾಸನೆ. ಹಸಿ ತೊಗಲು, ಸುಣ್ಣದ ನೀರು, ಸಮುದ್ರದ ಹಿನ್ನೀರಿನ ಖಾಡಿಯ ಕೆಸರು ಎಲ್ಲ ಸೇರಿದ ವಾಸನೆ. ಒಂದು ದಿನ ಮೂಗು ಮುಚ್ಚಿಕೊಂಡೆ, ಎರಡನೆಯ ದಿನ ಮರೆತೆ. ಓಣಿ ಎಷ್ಟು ಇಕ್ಕಟ್ಟೆಂದರೆ ಎದುರುಮನೆಯ ಒಗ್ಗರಣೆಗೆ ನಮ್ಮ ಮನೆಯಲ್ಲಿ ಸೀನು ಬರುತ್ತಿತ್ತು. ಈರಪ್ಪನದು ತಗಡು ಹೊದಿಸಿದ ಒಂದು ಕೋಣೆ, ಒಳಗೆ ಕನ್ನಡಿಯಂತೆ ಚೊಕ್ಕ. ಕಸ್ತೂರಿ ಜೋಳದ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ ಮಾಡಿದ್ದಳು. ಮುಂಬಯಿಯ ಜೋಳ ನಮ್ಮ ಜೋಳದಷ್ಟು ರುಚಿಯಲ್ಲ ಎಂದು ಅವಳೇ ಮೊದಲು ಹೇಳಿ, ನನಗೆ ಹೇಳುವ ಅವಕಾಶ ಉಳಿಸಲಿಲ್ಲ.

ಮರುದಿನ ಈರಪ್ಪನ ಜೊತೆ ಅವನು ಈಗ ಕೆಲಸ ಮಾಡುವ ಕಾರಖಾನೆ ನೋಡಲು ಹೋದೆ. ತೊಗಲಿನ ಚೀಲ ಹೊಲಿಯುವ ಜಾಗ. ಇವನು ನೆಲದ ಮೇಲೆ ಕೂತು ತೊಗಲಿನ ತುಂಡುಗಳನ್ನು ಎಡಗೈಯಿಂದ ಸವರಿ, ದಪ್ಪ, ತೆಳು, ಕಲೆ ಬಿದ್ದದ್ದು ಎಂದು ಬೇರೆ ಮಾಡುತ್ತಿದ್ದ. ಪಕ್ಕದವರು ಎರಡು ಕೈಯಿಂದ ಮಾಡಿದಷ್ಟೇ ಮಾಡುತ್ತಿದ್ದ. ಆದರೂ ಮಾಲೀಕ ಸೇಠ್ ಕೊಡುತ್ತಿದ್ದದ್ದು ಅರ್ಧ ಪಗಾರ. ಒಂದು ಕೈಗೆ ಒಂದು ಕೈಯ ಪಗಾರ ಎಂಬುದು ಅವನ ಲೆಕ್ಕ. ನನಗೆ ಮೈ ಉರಿಯಿತು. ಆ ತಲೆಗೂ ಅರ್ಧ ಬುದ್ಧಿಯ ಲೆಕ್ಕ ಹಾಕಬೇಕಿತ್ತು. ಬಿಟ್ಟು ಬೇರೆ ಕಡೆ ಹೋಗಬಾರದೇ ಎಂದು ತಮ್ಮನನ್ನು ಕೇಳಿದೆ. ನಾಳೆ ಬೋರ್ಡಿನವರು ಹಣ ನಿಲ್ಲಿಸಿದರೆ ಈ ಅರ್ಧವೇ ಗತಿ, ಹಾಗಾಗಿ ಸೇಠನ ಮುಂದೆ ದನಿ ಎತ್ತುವ ಹಾಗಿಲ್ಲ ಎಂದ.

ಕಸ್ತೂರಿಯ ಚಿಂತೆ ಬೇರೆ. ಈರಪ್ಪ ಆಸ್ಪತ್ರೆಯಲ್ಲಿದ್ದಾಗ ಅವಳು ತೊಗಲು ನೆನೆಸುವ ಸುಣ್ಣದ ತೊಟ್ಟಿಯ ಕೆಲಸಕ್ಕೆ ಹೋಗಿದ್ದಳು. ಕೈಯ ಚರ್ಮ ಸುಲಿದು ರೊಟ್ಟಿ ಬಡಿಯಲೂ ಆಗುತ್ತಿರಲಿಲ್ಲ. ತಿಂಗಳ ಹಣ ಬರತೊಡಗಿದ ಮೇಲೆ ಆ ಕೆಲಸ ಬಿಟ್ಟು ಹೊಲಿಗೆ ಕಲಿಯುತ್ತಿದ್ದಳು. ಹಣ ನಿಂತರೆ ಮತ್ತೆ ತೊಟ್ಟಿಗೇ ಹೋಗಬೇಕು. ಅದನ್ನು ಹೇಳುವಾಗ ಅವಳು ತನ್ನ ಬೆರಳುಗಳನ್ನು ನೋಡಿಕೊಂಡಳು. ಈಗ ಅವು ವಾಸಿಯಾಗಿದ್ದವು.

ಬೋರ್ಡಿನ ಹಿಂದಿನ ಸಂಜೆ ಓಣಿಯವರೆಲ್ಲ ಬುದ್ಧಿ ಹೇಳಲು ಬಂದರು. ಆಳಿಗೊಂದು ಮಾತು. ಮುಂದಾಳು ಪಕ್ಕದ ಕೋಣೆಯ ಇಮಾಮ್‌ಸಾಬ, ತಾಳಿಕೋಟಿಯ ಕಡೆಯವರು, ಅದೇ ಕಾರಖಾನೆಯಲ್ಲಿ ತೊಗಲು ಕತ್ತರಿಸುವವರು. ಗಡ್ಡ ಹೆರೆಯಬೇಡ, ಕೊಳೆ ಅಂಗಿ ಹಾಕು, ಕೂರುವಾಗ ಏಳುವಾಗ ನರಳು, ಕೆಲಸಕ್ಕೆ ಹೋಗುತ್ತೇನೆಂದು ಬಾಯಿ ತಪ್ಪಿಯೂ ಹೇಳಬೇಡ ಎಂದರು. ಹೋದ ವರ್ಷ ಯಾರೋ ಇಸ್ತ್ರಿ ಅಂಗಿ ಹಾಕಿಕೊಂಡು ಹೋಗಿ ಹಣ ಕಳೆದುಕೊಂಡನಂತೆ. ನಿಜವೋ ಗಾಳಿಮಾತೋ, ಎಲ್ಲರೂ ನಂಬಿದ್ದರು.

ಬೆಳಗಿನ ನಲ್ಲಿ ನೀರು ಬಂದ ಹೊತ್ತಿಗೆ ಈರಪ್ಪ ಎದ್ದು ತಲೆಗೆ ನೀರು ಹಾಕಿಕೊಂಡು, ಬಿಳಿ ಅಂಗಿ ತೊಟ್ಟು, ರುಮಾಲು ಸುತ್ತಲು ಕೂತಿದ್ದ. ನಮ್ಮ ಕಡೆ ದೈವದ ಮುಂದೆ, ಹಿರಿಯರ ಮುಂದೆ ಬರಿದಲೆಯಲ್ಲಿ ಹೋಗುವುದಿಲ್ಲ. ಬರಿದಲೆಯವನೆಂದರೆ ಮಾನಗೆಟ್ಟವನೆಂದೇ ಅರ್ಥ. ಬಟ್ಟೆಯ ಒಂದು ತುದಿಯನ್ನು ಗೂಟಕ್ಕೆ ಸಿಕ್ಕಿಸಿ, ಇನ್ನೊಂದನ್ನು ಹಲ್ಲಿನಲ್ಲಿ ಕಚ್ಚಿ, ತಲೆಯನ್ನೇ ತಿರುಗಿಸುತ್ತ ಸುತ್ತಿಕೊಳ್ಳುತ್ತಿದ್ದ. ಜಾರುತ್ತಿತ್ತು, ಮತ್ತೆ ಸುತ್ತುತ್ತಿದ್ದ. ನಲ್ಲಿಯ ನೀರು ನಿಂತು, ಕೊಡಗಳ ಜಗಳವೂ ಮುಗಿದ ಮೇಲೆ ರುಮಾಲು ಮುಗಿಯಿತು. ಆದರೆ ಏನು ರುಮಾಲು ಅದು! ಮದುಮಗನ ರುಮಾಲಿನಂತೆ ನೆಟ್ಟಗೆ ಕೂತಿತ್ತು. ಇಮಾಮ್‌ಸಾಬರು ಬಾಗಿಲಲ್ಲಿ ಬಂದು ನೋಡಿ ಹಣೆ ಚಚ್ಚಿಕೊಂಡರು.

ಬೋರ್ಡು ಕೂರುವ ಪರೇಲಿಗೆ ಬಸ್ಸಿನಲ್ಲಿ ಹೋದೆವು. ಕಸ್ತೂರಿ ಹೊರಗಿನ ಬೆಂಚಿನಲ್ಲಿ ಉಳಿದಳು, ನಾನು ತಮ್ಮನ ಜೊತೆ ಒಳಗೆ ಹೋದೆ. ಮೂವರು ಡಾಕ್ಟರು. ನಡುವಿನವರು ದಪ್ಪ ಕನ್ನಡಕದ ಹಿರಿಯರು, ಮರಾಠಿಯಲ್ಲಿ ಮಾತಾಡಿದರು. ತೋಳನ್ನು ಅಳೆದರು, ಒತ್ತಿದರು, ಮಡಚಿಸಿದರು. ನೋವಿದೆಯೇ ಎಂದರೆ ಈರಪ್ಪ ಇಲ್ಲ ಎಂದ. ಕೆಲಸ ಮಾಡುತ್ತೀಯಾ ಎಂದರೆ ಮಾಡುತ್ತೇನೆ ಎಂದ. ನಾನು ಹಿಂದಿನಿಂದ ಅವನ ಅಂಗಿ ಎಳೆದೆ, ಅವನು ತಿರುಗಿ ನೋಡಲಿಲ್ಲ. ಹಿರಿಯರು ಕಣ್ಣೆತ್ತಿ ರುಮಾಲು ನೋಡಿ, ಇದನ್ನು ಯಾರು ಕಟ್ಟಿದರೆಂದು ಕೇಳಿದರು. ನಾನೇ ಎಂದ, ಎದೆ ಮುಂದೆ ಮಾಡಿ. ಹಾಗಾದರೆ ಆ ಕೈ ಇಲ್ಲದೆಯೂ ಎಲ್ಲ ಸಾಗುತ್ತದೆ ಎನ್ನು ಎಂದು ಅವರು ಪಕ್ಕದವರ ಕಡೆ ನೋಡಿ ನಕ್ಕರು.

ಬಾಯಿ ಇದ್ದವಳೆಂದು ಕರೆಸಿಕೊಂಡವಳು ಆಗಲೂ ಬಾಯಿ ಬಿಡದಿದ್ದರೆ ಹೇಗೆ? ಯಾರು ಕಟ್ಟಿದರೆಂದು ಕೇಳಿದಿರಿ, ಎಷ್ಟು ಹೊತ್ತು ಹಿಡಿಯಿತೆಂದು ಕೇಳಲಿಲ್ಲ ಎಂದೆ. ಬೇಕಿದ್ದರೆ ಇಲ್ಲೇ ಕಟ್ಟಲಿ, ತಾವೇ ನೋಡಿ ಎಂದೆ. ಅವರು ಒಪ್ಪಿದರು. ಆಮೇಲೆ ನನಗೆ ಹೊಳೆಯಿತು, ಕಟ್ಟಬೇಕಾದರೆ ಮೊದಲು ಬಿಚ್ಚಬೇಕು. ಮೂವರು ದೊಡ್ಡವರ ಮುಂದೆ, ಅಕ್ಕನ ಮುಂದೆ, ಬರಿದಲೆಯಾಗಬೇಕು. ಈರಪ್ಪ ನನ್ನನ್ನು ನೋಡಿದ. ಆ ನೋಟವನ್ನು ನಾನು ತಡೆಯಲಾರದೆ ಹೋದೆ, ಕಣ್ಣಲ್ಲಿ ನೀರು ಬಂತು. ಬೇಡ, ನಡಿ ಎನ್ನಲು ಬಾಯಿ ತೆರೆದೆ. ಅಷ್ಟರಲ್ಲಿ ಅವನು ಬಾಗಿಲ ಕಡೆ, ಹೊರಗೆ ಕೂತಿದ್ದ ಹೆಂಡತಿಯ ಕಡೆ ಒಮ್ಮೆ ನೋಡಿ, ರುಮಾಲಿಗೆ ಕೈ ಹಾಕಿ ಬಿಚ್ಚಿದ.

ಕಿಟಕಿಯ ಸರಳಿಗೆ ಒಂದು ತುದಿ ಸಿಕ್ಕಿಸಿದ. ಹಲ್ಲಿನಲ್ಲಿ ಕಚ್ಚಿದ, ಮೊಂಡುಗೈಯಿಂದ ಕಿವಿಯ ಹತ್ತಿರ ಒತ್ತಿದ, ಸುತ್ತಿದ. ಜಾರಿತು. ಮತ್ತೆ ಸುತ್ತಿದ. ಬೆನ್ನ ಮೇಲೆ ಅಂಗಿ ತೊಯ್ದು ಅಂಟಿತು. ಡಾಕ್ಟರು ಮೊದಲು ಗಡಿಯಾರ ನೋಡುತ್ತಿದ್ದರು, ಆಮೇಲೆ ಗಡಿಯಾರ ಬಿಟ್ಟು ಅವನನ್ನೇ ನೋಡಿದರು. ಹೊರಗೆ ಕಾಯುತ್ತಿದ್ದವರ ಗೊಣಗಾಟ ಕೇಳಿಸುತ್ತಿತ್ತು. ತುದಿ ಮತ್ತೊಮ್ಮೆ ಜಾರಿ ನೆಲಕ್ಕೆ ಬಿದ್ದಾಗ ಹಿರಿಯ ಡಾಕ್ಟರು ತಾವೇ ಎದ್ದುಬಂದು ಎತ್ತಿ ಹಿಡಿಯಲು ಹೋದರು. ಈರಪ್ಪ ಹಲ್ಲಿನಿಂದ ಬಟ್ಟೆ ಬಿಡಿಸಿಕೊಂಡು ನನಗೆ ಹೇಳಿದ, "ಬ್ಯಾಡ ಅನ್ನಕ್ಕಾ ಸಾಹೇಬ್ರಿಗೆ. ಇನ್ನೊಬ್ರು ಬಂದು ರುಮಾಲ ಸುತ್ತೂದು ಲಗ್ನದಾಗ, ಇಲ್ಲಾ ಹೆಣ ಆದಾಗ. ನಂದು ಲಗ್ನ ಆಗೇತಿ."

ನಾನು ಮರಾಠಿಯಲ್ಲಿ ಹೇಳಿದೆ. ಮೂವರೂ ನಕ್ಕರು. ಈ ಸಲದ ನಗು ಬೇರೆ ಥರ ಇತ್ತು. ಹಿರಿಯರು ಕುರ್ಚಿಗೆ ಹೋಗಿ ಕೂತು, ಅವನು ಮುಗಿಸುವ ತನಕ ಕಾದರು. ಆಮೇಲೆ ಬರೆಯುತ್ತ, ಬದುಕಿರುವ ತನಕ ಹಣ ಕೊಟ್ಟರೆ ಏನು ಮಾಡುತ್ತೀಯಪ್ಪಾ ಎಂದು ಕೇಳಿದರು. "ದುಡೀತೀನ್ರಿ," ಎಂದ ಈರಪ್ಪ. "ನಾಳೆ ಏನು ಅನ್ನೂ ಹೆದರಿಕಿ ಹೋತಂದ್ರ ದುಡಿಯೂದು ಹಗುರ ಆಗ್ತೈತ್ರಿ." ಅದನ್ನೂ ನಾನು ಮರಾಠಿಗೆ ತಿರುಗಿಸಿದೆ. ಡಾಕ್ಟರು ಪಕ್ಕದವರಿಬ್ಬರಿಗೂ ಕಾಗದ ತೋರಿಸಿ, ಸಹಿ ಹಾಕಿಸಿ, ಮೊದಲು ಕೊಡುತ್ತಿದ್ದಷ್ಟೇ ಇನ್ನು ಕಾಯಂ ಎಂದರು. ಹೊರಗೆ ಬಂದು ಕಸ್ತೂರಿಗೆ ಹೇಳಿದಾಗ ಅವಳು ಎದ್ದು ನಿಲ್ಲಲಿಲ್ಲ, ಬೆಂಚನ್ನೇ ಗಟ್ಟಿಯಾಗಿ ಹಿಡಿದುಕೊಂಡಳು.

ಆ ಸಂಜೆ ಓಣಿಯಲ್ಲಿ ಚಹಾ, ಭಜಿ, ಪಾವು. ಇಮಾಮ್‌ಸಾಬರು ತಮ್ಮ ಬುದ್ಧಿಮಾತಿನಿಂದಲೇ ಕೆಲಸ ಆಯಿತೆನ್ನುವಂತೆ ನಡುವೆ ಕೂತಿದ್ದರು. ಎಲ್ಲರೂ ಛೇಡಿಸಿದ ಮೇಲೆ ಅವರು ಕಪ್ಪಿನ ಚಹಾ ಬಶಿಗೆ ಸುರಿದು ಆರಿಸುತ್ತ ಒಂದು ಮಾತು ಹೇಳಿದರು. ಅದು ನನಗೆ ಬಹಳ ದಿನ ತಲೆಯಲ್ಲಿ ಉಳಿಯಿತು. "ದೇಖೋ ಅಕ್ಕಾ, ಕೈ ಹೋದ ಮ್ಯಾಲೇ ಯಾಕ ಕೊಡಬೇಕು? ಕೈ ಇದ್ದಾಗ್ಲೇ ಎಲ್ಲಾರಿಗೂ ತಿಂಗಳಿಗೆ ಇಷ್ಟು ಅಂತ ಗ್ಯಾರಂಟಿ ಇದ್ರ ಇಂವ ಡಬಲ್ ಪಾಳಿಗೆ ಯಾಕ ನಿಲ್ತಿದ್ದ? ಕೈ ಬಚ್ ಜಾತಾ, ಉಳೀತಿತ್ತು." ಎಲ್ಲರಿಗೂ ಕೊಡುವಷ್ಟು ಹಣ ಎಲ್ಲಿಂದ ಬರಬೇಕೆಂದು ಮಾಸ್ತರಿಣಿಯಾಗಿ ನಾನು ಕೇಳಬಹುದಿತ್ತು. ಆದರೆ ಅವರು ಹೇಳಿದ್ದು ಸರಿ ಎಂದೇ ನನಗೆ ಅನಿಸಿತು, ಈಗಲೂ ಅನಿಸುತ್ತದೆ.

ಮರುದಿನ ಈರಪ್ಪ ಕಾರಖಾನೆಗೆ ಹೋಗಿ, ತುಂಡಿನ ಲೆಕ್ಕದಲ್ಲಿ ಎಲ್ಲರಂತೆ ಪೂರಾ ಪಗಾರ ಕೊಡಿ ಎಂದು ಸೇಠನನ್ನು ಕೇಳಿದನಂತೆ. ಸೇಠ್ ಎಂದಿನಂತೆ, ಬೇಕಿದ್ದರೆ ಇರು, ಇಲ್ಲದಿದ್ದರೆ ಬಾಗಿಲು ಅಲ್ಲಿದೆ ಎಂದನಂತೆ. ಇವನು ಬಾಗಿಲಿಂದ ಹೊರಗೆ ಬಂದುಬಿಟ್ಟ. ಮನೆಗೆ ಬಂದು ಹೇಳಿದಾಗ ನಾನು ಗಾಬರಿಬಿದ್ದೆ. ಕಸ್ತೂರಿಗೆ ಏನೂ ಆಗಲಿಲ್ಲ. ತಿಂಗಳ ಹಣದಲ್ಲಿ ಬಾಡಿಗೆ, ಜೋಳ ನಡೆಯುತ್ತದೆ, ಒಂದು ತಿಂಗಳು ಕೂರಲಿ ಎಂದು ಹೊಲಿಗೆ ಕಲಿಯಲು ಹೊರಟುಹೋದಳು. ನಾನೂ ತಮ್ಮನೂ ಆ ದಿನ ಲೋಕಲ್ ಹಿಡಿದು ಮಲಾಡ್ ತನಕ ಹೋಗಿಬಂದೆವು, ಸುಮ್ಮನೆ ಕಿಟಕಿಯಲ್ಲಿ ಗಾಳಿ ತಿನ್ನುತ್ತ. ದಾರಿಯುದ್ದಕ್ಕೂ ಅವನು ಸ್ಟೇಶನ್ನುಗಳ ಹೆಸರು ಹೇಳುತ್ತ ಹೋದ. ಮಲಾಡಿನ ಬಜಾರಿನಲ್ಲಿ ಪೇರಲಹಣ್ಣು ಕೊಂಡು ಉಪ್ಪುಖಾರ ಹಚ್ಚಿ ತಿಂದೆವು.

ಸೇಠ್ ಎರಡು ದಿನ ತಡೆದ. ಮೂರನೆಯ ದಿನ ಕಲೆಬಿದ್ದ ತೊಗಲು ಸೇರಿಕೊಂಡು ಚೀಲಗಳು ಗಿರಾಕಿಗಳಿಂದ ವಾಪಸು ಬಂದವೆಂದು ಇಮಾಮ್‌ಸಾಬರು ಸುದ್ದಿ ತಂದರು. ಸಂಜೆ ಸೇಠನೇ ಓಣಿಗೆ ಬಂದ. ಒಳಗೆ ಕರೆದು ಚಹಾ ಕೊಟ್ಟೆವು. ಮುಕ್ಕಾಲು ಪಗಾರ ಎಂದ. ಈರಪ್ಪ ಅವನ ಬಶಿಗೆ ಇನ್ನಷ್ಟು ಚಹಾ ಸುರಿದ. ಚಹಾ ಮುಗಿಯುವಷ್ಟರಲ್ಲಿ ಪೂರಾ ಆಯಿತು.

ಅದರ ಮರುದಿನ ಬೆಳಿಗ್ಗೆ ನನ್ನ ಗಾಡಿ. ಈರಪ್ಪ ದಾದರಿಗೆ ಬಂದು, ಕಿಟಕಿಯ ಹತ್ತಿರ ಜಾಗ ಹಿಡಿದುಕೊಟ್ಟು, ಟ್ರಂಕನ್ನು ಬೆಂಚಿನ ಕೆಳಗೆ ತಳ್ಳಿದ. ಊರಲ್ಲಿ ಚಿಕ್ಕಪ್ಪನ ಮಕ್ಕಳು ಕೇಳಿದರೆ ಏನು ಹೇಳಲಿ ಎಂದೆ. "ಈರ್ಯಾ 'ಒಲ್ಲೆ' ಅನ್ನಾಕ ಕಲ್ತಾನು ಅಂತ ಹೇಳು," ಎಂದ. ಗಾಡಿ ಬಿಡುವ ತನಕ ನಿಂತು ಕೈ ಬೀಸುತ್ತಾನೆಂದು ನಾನು ಸೆರಗು ಸರಿಮಾಡಿಕೊಂಡು ಕಿಟಕಿಯಲ್ಲಿ ಮುಖ ಇಟ್ಟು ಕೂತೆ. ಅವನು ಸ್ಟೇಶನ್ನಿನ ಗಡಿಯಾರ ನೋಡಿ, ಬರ್ತೀನಕ್ಕಾ ಎಂದವನೇ ಸೇತುವೆಯ ಮೆಟ್ಟಿಲನ್ನು ಎರಡೆರಡು ಹಾರುತ್ತ ಹತ್ತಿ, ಜನರ ನಡುವೆ ಜನವಾಗಿ ಹೊರಟುಹೋದ. ಅವನಿಗೆ ಕೆಲಸಕ್ಕೆ ಹೊತ್ತಾಗಿತ್ತು.