ಸೂಜಕ್ಕನ ಹೊಸ್ತಿಲು

ಫಲಕಕ್ಕೆ ಮೊಳೆ ಹೊಡೆದವನು ನಾನೇ. ಊರಿಗೊಬ್ಬನೇ ಬಡಗಿ, ಹಾಗಾಗಿ ದಲ್ಲಾಳಿ ನನ್ನನ್ನೇ ಕರೆದ. ‘ಸಾಂಪ್ರದಾಯಿಕ ಹಳ್ಳಿಮನೆ ಮಾರಾಟಕ್ಕಿದೆ. ಎಂಬತ್ತು ವರ್ಷ ಹಳೆಯದು. ಮೂಲ ರೂಪ ಹಾಗೇ ಇದೆ.’ ಕೊನೆಯ ಸಾಲು ಓದಿ ನನಗೆ ನಗು ಬಂತು. ಆ ಮನೆಯ ಮೂಲ ರೂಪವನ್ನು ಕೆಡಿಸಿದವರು ನಾವಿಬ್ಬರು, ನಾನು ಮತ್ತು ಗಾರೆ ಮೇಸ್ತ್ರಿ. ಮೂವತ್ತೆರಡು ವರ್ಷ, ಬಿಡುವು ಸಿಕ್ಕಾಗಲೆಲ್ಲ, ಪ್ರೀತಿಯಿಂದ ಕೂತು ಕೆಡಿಸಿದ್ದೆವು.

ಒಳಗಿಂದ ಸೂಜಕ್ಕನ ದನಿ ಬಂತು. “ಏನೋ ಬಡಗಿ, ಮೊಳೆ ನೆಟ್ಟಗೆ ಹೊಡೆದ್ಯಾ? ಹೋದ ಸಲ ನನ್ನ ಕಿಟಕಿಗೆ ಹೊಡೆದಿದ್ದು ಇನ್ನೂ ನಿನ್ನ ಹಾಗೇ ವಾಲ್ಕೊಂಡಿದೆ.”

ತನ್ನ ಮನೆಯ ಮಾರಾಟದ ಫಲಕಕ್ಕೆ ಮೊಳೆ ಬೀಳುವಾಗ ಹೀಗೆ ಕೇಳುವ ಹೆಂಗಸು ಅವಳೊಬ್ಬಳೇ ಇರಬೇಕು. ತನ್ನ ಮನೆ ಅಂದೆ ನೋಡಿ, ತೊಡಕು ಇರುವುದೇ ಅಲ್ಲಿ. ಅದು ಅವಳ ಮನೆಯಲ್ಲ.

ಸೂಜಕ್ಕ ಮೇಸ್ತ್ರಿಯ ಅಕ್ಕ. ಅವನೂ ನಾನೂ ಒಂದೇ ಓರಗೆಯವರು, ಹಾಗಾಗಿ ನನಗೂ ಅಕ್ಕನೇ. ಕಸುಬು ಹೊಲಿಗೆ, ನಾಲಿಗೆಯೂ ಚೂಪು, ಅದಕ್ಕೇ ಸೂಜಿಯ ಹೆಸರು ಅಂಟಿಕೊಂಡಿತು. ಮೂರು ವರ್ಷದವಳಿದ್ದಾಗ ಬಂದ ಜ್ವರವೊಂದು ಹೋಗುವಾಗ ಎರಡೂ ಕಾಲಿನ ಬಲವನ್ನು ತೆಗೆದುಕೊಂಡು ಹೋಯಿತು. ಅಪ್ಪ ಅಮ್ಮ ತೀರಿಕೊಂಡ ಮೇಲೆ ಚಿಕ್ಕಪ್ಪ ಅಕ್ಕ ತಮ್ಮ ಇಬ್ಬರನ್ನೂ ಈ ಮನೆಗೆ ತಂದಿಟ್ಟುಕೊಂಡ.

ಮನೆ ಸಣ್ಣದು. ಹೆಂಚಿನ ಮಾಡು, ಮಣ್ಣಿನ ದಪ್ಪ ಗೋಡೆ, ಎರಡು ಕೋಣೆ, ಒಂದು ಅಡುಗೆಮನೆ. ಕಟ್ಟಿಸಿದ ಪುಣ್ಯಾತ್ಮನಿಗೆ ಹೊಸ್ತಿಲಿನ ಹುಚ್ಚು. ಕೋಣೆಗೊಂದು ಹೊಸ್ತಿಲು ಇಡಿಸಿದ್ದ, ಮುಂಬಾಗಿಲಿನದಂತೂ ಹೆಚ್ಚುಕಡಿಮೆ ಮೊಣಕಾಲೆತ್ತರ. ಅದರಾಚೆ ಎರಡು ಕಲ್ಲಿನ ಮೆಟ್ಟಿಲು. ನಾವು ಮಾತಾಡುತ್ತಲೇ ದಾಟಿ ಹೋಗುತ್ತಿದ್ದೆವು. ಅವಳಿಗೆ ಅದು ಗೋಡೆಯೇ ಆಗಿತ್ತು.

ಹಾಗಾಗಿ ಅವಳನ್ನು ಎತ್ತುತ್ತಿದ್ದರು. ಬೆಳಿಗ್ಗೆ ಎತ್ತಿ ಹೊರಗೆ, ಬಿಸಿಲೇರಿದರೆ ಎತ್ತಿ ಒಳಗೆ. ಚಿಕ್ಕಪ್ಪ ಎತ್ತುತ್ತಿದ್ದ, ಹಾಲಿನವನು ಎತ್ತುತ್ತಿದ್ದ, ದಾರಿಯಲ್ಲಿ ಹೋಗುವವರೂ ಕೈಹಾಕುತ್ತಿದ್ದರು. ಮಾತು ಅರ್ಧಕ್ಕೆ ಬಿಟ್ಟು ಹೋಗಬೇಕಾದರೂ ಸರಿ, ಎತ್ತಿದ ಕಡೆಗೆ ಹೋಗಬೇಕು. “ಮೂಟೆ ಎತ್ತೋವಾಗ ಮೂಟೇನ ಯಾರಾದ್ರೂ ಕೇಳ್ತಾರೇನೋ?” ಎಂದು ಒಮ್ಮೆ ನನ್ನ ಹತ್ತಿರ ಹೇಳಿದ್ದಳು. ನಗುತ್ತಲೇ ಹೇಳಿದಳು. ನನಗೆ ನಗಲಾಗಲಿಲ್ಲ.

ಅವಳಿಗೆ ಇಪ್ಪತ್ತಾರಾದಾಗ ತಮ್ಮ ಗಾರೆ ಕೆಲಸ ಕಲಿತು ಸ್ವಂತಕ್ಕೆ ಕರಣೆ ಹಿಡಿದಿದ್ದ. ಚಿಕ್ಕಪ್ಪ ಎರಡು ದಿನ ಊರಲ್ಲಿಲ್ಲದ್ದು ನೋಡಿ ನಾವಿಬ್ಬರೂ ಮನೆಗೆ ನುಗ್ಗಿದೆವು. ಒಳಗಿನ ಹೊಸ್ತಿಲುಗಳನ್ನು ಗರಗಸಕ್ಕೆ ಕೊಟ್ಟೆ. ಮುಂಬಾಗಿಲಿನದನ್ನು ಕುಯ್ಯಲು ಮನಸ್ಸಾಗಲಿಲ್ಲ. ಒಂದೇ ಮರದ ತುಂಡು, ಒಳಗೆಲ್ಲ ಗಟ್ಟಿ ತಿರುಳು. ಬೆಣೆ ಹಾಕಿ, ಮರದ ಕೊಡತಿಯಲ್ಲಿ ತಟ್ಟಿ ತಟ್ಟಿ, ಒಂದು ಸೀಳು ಬಿಡದ ಹಾಗೆ ಇಡಿಯಾಗಿ ಬಿಡಿಸಿದೆ. ಮೇಸ್ತ್ರಿ ಮೆಟ್ಟಿಲುಗಳ ಮೇಲೆ ಗೇಟಿನವರೆಗೆ ಉದ್ದಕ್ಕೂ ಗಾರೆಯ ಇಳಿಜಾರು ಹಾಕಿದ. ಗಾಲಿ ಜಾರದಿರಲೆಂದು ಹಸಿ ಗಾರೆಯ ಮೇಲೆ ಮೊಳೆಯಿಂದ ಅಡ್ಡಗೆರೆ ಎಳೆದ. ಎರಡೂ ಬದಿಗೆ ಹಿಡಿದುಕೊಳ್ಳಲು ಕಬ್ಬಿಣದ ಕೊಳವೆಯ ಕೈಪಿಡಿ ಕೂರಿಸಿದ. ನಾನು ಒಂದು ಮಣೆಗೆ ನಾಲ್ಕು ಗಾಲಿ ಹಾಕಿಕೊಟ್ಟೆ. ಅವಳು ಅದರ ಮೇಲೆ ಕೂತು ಕೈಪಿಡಿ ಹಿಡಿದು ತನ್ನನ್ನು ತಾನೇ ಎಳೆದುಕೊಂಡು ಹತ್ತಬೇಕು, ಇಳಿಯಬೇಕು.

ಚಿಕ್ಕಪ್ಪ ಬಂದ. ಬಾಗಿಲ ಬುಡ ನೋಡಿದ, ನಮ್ಮಿಬ್ಬರ ಮುಖ ನೋಡಿದ. “ಬಿಚ್ಚೋದು ಬಿಚ್ಚಿದ್ದೀರಿ, ಕೆಳಗಿಂದ ಗಾಳಿ ನುಗ್ಗುತ್ತೆ. ಬಾಗಿಲಿಗೊಂದು ಪಟ್ಟಿನಾದ್ರೂ ಹೊಡೀರೋ” ಅಂದ. ಒಳ್ಳೆಯ ಮನುಷ್ಯ.

ಮರುದಿನ ಸೂಜಕ್ಕ ಒಬ್ಬಳೇ ಅಂಗಡಿಗೆ ಹೊರಟಳು. ನೂರು ಹೆಜ್ಜೆಯ ದಾರಿ. ನಾವಿಬ್ಬರೂ ಬಾಲದ ಹಾಗೆ ಹಿಂದೆ ಹೊರಟರೆ ತಿರುಗಿ, “ಹಿಂದೆ ಬಂದ್ರೆ ಕಲ್ಲು ಬೀಸ್ತೀನಿ” ಅಂದಳು. ಮುಕ್ಕಾಲು ಗಂಟೆಯ ಮೇಲೆ ಬೆವರು ಸುರಿಸಿಕೊಂಡು ವಾಪಸ್ ಬಂದಳು. ತರಬೇಕಾದದ್ದು ಕಪ್ಪು ದಾರ, ಮಡಿಲಲ್ಲಿ ಇದ್ದದ್ದು ಬಿಳಿದು. “ಕಪ್ಪು ಇರಲಿಲ್ಲ. ಬಿಳೀದು ನಾನೇ ಆರಿಸ್ಕೊಂಡೆ” ಅಂದಳು. ‘ನಾನೇ’ ಎಂದು ಇನ್ನೊಂದು ಸಲ ಹೇಳಿದಳು.

ಅವತ್ತಿನಿಂದ ಅವಳನ್ನು ಯಾರೂ ಎತ್ತಲಿಲ್ಲ. ಎತ್ತಲು ಬಿಡಲಿಲ್ಲ ಅನ್ನುವುದೇ ಸರಿ.

ಆಮೇಲೆ ಒಂದೊಂದೇ ಸೇರಿಸುತ್ತ ಹೋದೆವು. ಹಾಸಿಗೆಯಿಂದ ಅಡುಗೆಮನೆಯವರೆಗೆ ಗೋಡೆಗೆ ಕೈಪಿಡಿ. ಕೂತೇ ಅಡುಗೆ ಮಾಡುವ ಹಾಗೆ ಒಲೆಕಟ್ಟೆ ತಗ್ಗಿಸಿದ್ದು. ದೀಪದ ಸ್ವಿಚ್ಚು ಸೊಂಟದಿಂದ ಕೆಳಕ್ಕೆ. ಬಂದವರು ಗೋಡೆ ತಡಕಾಡುತ್ತಿದ್ದರೆ ಅವಳಿಗೆ ಖುಷಿ. “ಬಗ್ಗಿ, ಬಗ್ಗಿ. ಈ ಮನೇಲಿ ಎತ್ತರದೋರಿಗೆ ಕಷ್ಟ” ಅನ್ನುತ್ತಿದ್ದಳು. ಕಿಟಕಿಯ ಪಕ್ಕ ಕೈಯಲ್ಲಿ ತಿರುಗಿಸುವ ಹೊಲಿಗೆ ಯಂತ್ರ. ಊರಿನ ಅರ್ಧ ಜನರ ಅಂಗಿಯ ಗುಂಡಿ ಅವಳು ಹಾಕಿದ್ದು. ಮೇಸ್ತ್ರಿ ಮದುವೆಯಾಗಿ ಪೇಟೆ ಸೇರಿದ. ಅವಳು ಚಿಕ್ಕಪ್ಪನನ್ನು ನೋಡಿಕೊಂಡು ಇಲ್ಲೇ ಉಳಿದಳು.

“ನೀನು ಇರೋ ತನಕ ಮನೆ ನಿಂದೇ ಕಣೆ” ಎಂದು ಚಿಕ್ಕಪ್ಪ ಹತ್ತಾರು ಸಲ ಹೇಳಿದ್ದ. ಕಾಗದದ ಮೇಲೆ ಒಂದು ಸಲವೂ ಬರೆಯಲಿಲ್ಲ. ಅವನು ತೀರಿಕೊಂಡ ಮೇಲೆ ಮೂರು ಊರಲ್ಲಿದ್ದ ಅವನ ಮೂವರು ಮಕ್ಕಳೂ ಮನೆ ಮಾರೋಣ ಅಂದರು. ಅವರನ್ನು ಬೈಯಲು ನನಗೆ ಬಾಯಿ ಬರುವುದಿಲ್ಲ. ಮಗಳು ಬಂದು ಸೂಜಕ್ಕನ ಎದುರು ಕೂತು ಅತ್ತಳು. ಅತ್ತು ಎದ್ದು ಹೋಗಿ ದಲ್ಲಾಳಿಗೆ ಹೇಳಿದಳು. ಕಾಗದವಿಲ್ಲದ ನಾವು ಕೈ ಕೈ ಹಿಸುಕಿಕೊಂಡು ನಿಂತೆವು.

ಸೂಜಕ್ಕ ಸೋಮವಾರ ತಮ್ಮನ ಮನೆಗೆ ಹೋಗುವುದೆಂದು ತೀರ್ಮಾನವಾಯಿತು. ಮೇಸ್ತ್ರಿ ಇರುವುದು ಪೇಟೆಯ ಬಾಡಿಗೆ ಮನೆ, ಮಹಡಿಯ ಮೇಲೆ, ಹದಿನಾಲ್ಕು ಮೆಟ್ಟಿಲು. ಊರಿಗೆಲ್ಲ ಮನೆ ಕಟ್ಟಿಕೊಟ್ಟವನಿಗೆ ನೆಲದ ಮೇಲೊಂದು ಕೋಣೆ ಇಲ್ಲ.

ದಲ್ಲಾಳಿಗೆ ಮನೆ ‘ಮೂಲ ರೂಪ’ದಲ್ಲಿ ಬೇಕಿತ್ತು. ಈಗಿನವರು ಅದನ್ನೇ ಕೇಳುತ್ತಾರಂತೆ. ಬೇರೆ ಯಾರಾದರೂ ಬಂದು ಹಾರೆ ಹಾಕುವುದಕ್ಕಿಂತ ನಾವೇ ಮಾಡೋಣ ಅಂದ ಮೇಸ್ತ್ರಿ. ಅವಳು ಇನ್ನೂ ಆ ಮನೆಯಲ್ಲಿ ಇರುವಾಗಲೇ ಶುರು ಮಾಡಿದೆವು. ಸ್ವಿಚ್ಚು ಮೇಲೆ ಹೋಯಿತು, ದೀಪ ಹಾಕಲು ಯಾರನ್ನಾದರೂ ಕೂಗಬೇಕಾಯಿತು. ಒಲೆಕಟ್ಟೆ ಏರಿತು, ಊಟ ನನ್ನ ಮನೆಯಿಂದ ಹೋಯಿತು. ಗೋಡೆಯ ಕೈಪಿಡಿ ಕಳಚಿ ಮೇಸ್ತ್ರಿ ತೂತುಗಳಿಗೆ ಮಣ್ಣು ತುಂಬಿ, ಒರೆಸಿ, ಸುಣ್ಣ ಬಳಿದ. ಸೂಜಕ್ಕ ಆ ಜಾಗದ ಮೇಲೆ ಕೈಯಾಡಿಸಿದಳು.

“ಎಷ್ಟು ಚೆನ್ನಾಗಿ ಮುಚ್ಚಿದ್ದೀಯೋ. ನಾನು ಇಲ್ಲಿದ್ದೆ ಅಂತಾನೇ ಗೊತ್ತಾಗಲ್ಲ.”

ಮೇಸ್ತ್ರಿ ಕರಣೆ ತೊಳೆಯುವ ನೆಪದಲ್ಲಿ ಹಿತ್ತಲಿಗೆ ಹೋದ.

ಅವನು ಬಂದ ಮೇಲೆ ಅವಳು ಹೇಳಿದ್ದು ಒಂದೇ ಮಾತು. “ಮುಂಬಾಗಿಲು ಮಾತ್ರ ಮುಟ್ಬೇಡಿ. ಸೋಮವಾರ ನಾನು ಹೋದ್ಮೇಲೆ ಏನು ಬೇಕಾದ್ರೂ ಮಾಡ್ಕೊಳ್ಳಿ. ಆ ಮಹಡಿಗೆ ನೀನು ಎತ್ಕೊಂಡೇ ಹೋಗ್ಬೇಕು, ಗೊತ್ತು ನಂಗೆ. ಆದ್ರೆ ಈ ಬಾಗಿಲಿಂದ ನಾನೇ ಹೋಗ್ತೀನಿ. ಇಲ್ಲಿ ಯಾರೂ ನನ್ನ ಎತ್ಬಾರ್ದು.”

“ಆಯ್ತಕ್ಕ” ಅಂದ ಮೇಸ್ತ್ರಿ. ನಾನೂ ತಲೆಯಾಡಿಸಿದೆ.

ಇನ್ನು ನನ್ನ ಘನಕಾರ್ಯ ಹೇಳಬೇಕು. ಶುಕ್ರವಾರ ದಲ್ಲಾಳಿ ಬಂದ. ಭಾನುವಾರ ಕೊಳ್ಳುವವರು ನೋಡಲು ಬರುತ್ತಾರಂತೆ. ಬಾಗಿಲ ಮುಂದಿನ ಇಳಿಜಾರು ನೋಡಿ ಮೂಗು ಮುರಿದ. “ಇದನ್ನ ಒಡೆದು, ಹಳೇ ಮೆಟ್ಟಿಲು, ಹೊಸ್ತಿಲು ಕೂರಿಸಬೇಕಿತ್ತಲ್ಲ?”

“ಹೊಸ್ತಿಲು ಎಲ್ಲಿದೆ ಸ್ವಾಮಿ?” ಅಂದ ಮೇಸ್ತ್ರಿ, ಕಣ್ಣು ಮಿಟುಕಿಸದೆ. “ಆಗಲೇ ಒಡೆದು ಒಲೆಗೆ ಹಾಕಿಬಿಟ್ರು.”

ದಲ್ಲಾಳಿ ನನ್ನ ಕಡೆ ನೋಡಿದ. “ಛೆ. ಅಂಥಾ ಮರಾನ ಒಲೆಗೆ ಹಾಕೋದಾ? ಮರದ ಬೆಲೆ ಗೊತ್ತಿಲ್ಲದೋರು. ಸರಿ ಬಿಡಿ, ಹೊಸ್ತಿಲೇ ಇಲ್ಲ ಅಂದ್ಮೇಲೆ ಈ ಇಳಿಜಾರು ಹೀಗೇ ಇರ್ಲಿ.”

ಅಲ್ಲಿಗೆ ಮುಗಿದಿತ್ತು. ಅವನು ಗೇಟಿನ ಕಡೆ ತಿರುಗಿಯೂ ಆಗಿತ್ತು. ಆದರೆ ಮರದ ಬೆಲೆ ಗೊತ್ತಿಲ್ಲದವರು ಅಂದನಲ್ಲ, ನನಗೆ ಚುರುಕ್ ಅಂತು.

“ಯಾರ್ರೀ ಒಲೆಗೆ ಹಾಕಿದ್ದು? ನನ್ನ ಕೊಟ್ಟಿಗೇಲಿದೆ. ಮೂವತ್ತೆರಡು ವರ್ಷದಿಂದ ಅದರ ಮೇಲೇ ಕೂತು ಕೆಲಸ ಮಾಡ್ತೀನಿ. ಒಂದು ಹುಳ ಮುಟ್ಟಿಲ್ಲ. ಇಡಿಯಾಗಿ ಬಿಡಿಸಿದ್ದು ನಾನು, ಈಗ ತಂದಿಟ್ರೂ ಕೂದಲು ತೂರದ ಹಾಗೆ ಕೂರುತ್ತೆ.”

ಆಡಿ ಮುಗಿಸಿದ ಮೇಲೆ ಮೇಸ್ತ್ರಿಯ ಮುಖ ನೋಡಿದೆ. ಕಿಟಕಿಯೊಳಗೆ ಯಂತ್ರದ ಸದ್ದು ನಿಂತಿತ್ತು.

ಸೋಮವಾರದವರೆಗೆ ಬಿಡಿ ಎಂದು ಮೇಸ್ತ್ರಿ ಕೇಳಿಕೊಂಡ. ನಾನು ಬಾಲ ಸುಟ್ಟ ಬೆಕ್ಕಿನ ಹಾಗೆ ದಲ್ಲಾಳಿಯ ಹಿಂದೆ ಮುಂದೆ ಸುತ್ತಿದೆ. ನೋಡಲು ಬರುವವರು ಭಾನುವಾರ ಬಂದರೆ ಸೋಮವಾರ ಕೂರಿಸಿ ಏನು ಪ್ರಯೋಜನ ಅಂದ. ಅವನ ಲೆಕ್ಕಕ್ಕೆ ಅದು ಸರಿಯೇ. ನಾನು ಸೂಜಕ್ಕನ ಹತ್ತಿರ ಹೋಗಿ, “ಅಕ್ಕಾ, ಇವತ್ತೇ ಹೊರಟು ನಮ್ಮನೇಲಿ ಎರಡು ದಿನ ಇರು” ಅಂದೆ.

“ನಿಮ್ಮನೆಗೆ ಮೂರು ಮೆಟ್ಟಿಲಲ್ವೇನೋ? ಈ ಊರಲ್ಲಿ ಎತ್ತಿಸ್ಕೊಳ್ಳಲ್ಲ ನಾನು” ಅಂದಳು.

ಹೌದು, ಮೂರು. ಈ ಊರಲ್ಲಿ ಮೆಟ್ಟಿಲಿಲ್ಲದ ಮನೆ ಅವಳದೊಂದೇ ಇತ್ತು. ಅದನ್ನು ನಾನು ಅವತ್ತು ಮೊದಲ ಸಲ ಎಣಿಸಿ ನೋಡಿದೆ.

ಶನಿವಾರ ಮೇಸ್ತ್ರಿ ತಾನೇ ಹಾಕಿದ ಇಳಿಜಾರನ್ನು ತಾನೇ ಒಡೆದ, ಬದಿಯ ಕೈಪಿಡಿಗಳನ್ನು ಕಿತ್ತ. ಒಳಗಿನ ಕಲ್ಲಿನ ಮೆಟ್ಟಿಲು ಇಟ್ಟಂತೆಯೇ ಇತ್ತು. ನಾನು ಹೊಸ್ತಿಲನ್ನು ಉಜ್ಜಿ ನುಣುಪು ಮಾಡಿ ಹೊತ್ತು ತಂದೆ. ಹೇಳಿದ ಹಾಗೇ ಕೂತಿತು, ಕೂದಲು ತೂರದ ಹಾಗೆ. ಮೇಸ್ತ್ರಿ ಸುತ್ತ ಗಾರೆ ತುಂಬಿದ. ಇಷ್ಟು ಚಂದದ ಕೆಲಸ ನಾನು ಬಹಳ ವರ್ಷದಿಂದ ಮಾಡಿರಲಿಲ್ಲ, ಅದಕ್ಕೇ ನನ್ನ ಕೈ ಮೇಲೆ ನನಗೇ ಹೇಸಿಗೆಯಾಯಿತು.

ಭಾನುವಾರ ಗಂಡ ಹೆಂಡತಿ ಬಂದರು. ಸಂಭಾವಿತರು. ಹೆಂಡತಿ ಹೊಸ್ತಿಲ ಮೇಲೆ ಕೂತು ಫೋಟೋ ತೆಗೆಸಿಕೊಂಡಳು. ದಲ್ಲಾಳಿ ಗಾಲಿಯ ಮಣೆಯನ್ನು ಮಂಚದ ಕೆಳಗೆ ತಳ್ಳಿದ್ದ. ಯಂತ್ರದ ಹಿಂದೆ ಮಡಿಲ ಮೇಲೆ ಬಟ್ಟೆ ಹರವಿ ಕೂತ ಸೂಜಕ್ಕನನ್ನು ನೋಡಿ ಅವರು ಕೈಮುಗಿದರು. “ನಾವು ಏನೂ ಬದಲಾಯಿಸಲ್ಲಮ್ಮ. ಹೀಗೇ ಇಟ್ಕೋತೀವಿ” ಎಂದು ಧೈರ್ಯ ಹೇಳಿದರು. ಅವಳು “ಒಳ್ಳೇದಾಯ್ತು” ಅಂದಳು. ನೋಡಿದ್ದರಲ್ಲಿ ಒಂದು ಮೊಳೆಯೂ ಅತ್ತಿತ್ತ ಆಗಬಾರದೆಂದು ಅಲ್ಲೇ ಕರಾರು ಬರೆದು ರುಜು ಹಾಕಿದರು. ಇನ್ನು ಹೊಸ್ತಿಲನ್ನು ಮುಟ್ಟುವ ಹಾಗಿರಲಿಲ್ಲ.

ಆ ಸಂಜೆಯೆಲ್ಲ ಕೂತು ಎರಡು ಹಲಗೆ ಕೀಸಿದೆ. ಸೋಮವಾರ ಬೆಳಿಗ್ಗೆ ಒಂದನ್ನು ಒಳಗಿಂದ ಹೊಸ್ತಿಲಿಗೆ ಒರಗಿಸಿದೆ, ಇನ್ನೊಂದನ್ನು ಹೊರಗಿಂದ. ಮೇಸ್ತ್ರಿ ಹೊರಗಿನದನ್ನು ಒತ್ತಿ ಹಿಡಿದ, ನಾನು ಒಳಗಿನದನ್ನು. ಸೂಜಕ್ಕ ಮಣೆಯ ಮೇಲೆ ಕೂತಳು. ಕೂದಲು ಬಾಚಿ ಒಳ್ಳೆಯ ಬಟ್ಟೆ ಉಟ್ಟಿದ್ದಳು. ಗೇಟಿನ ಹತ್ತಿರ ಗಾಡಿ ನಿಂತಿತ್ತು, ಯಂತ್ರ ಆಗಲೇ ಅದರೊಳಗಿತ್ತು.

ಎರಡೂ ಅಂಗೈಯನ್ನು ಹಲಗೆಗೆ ಊರಿ ತಳ್ಳಿದಳು. ಅರ್ಧದವರೆಗೆ ಹತ್ತಿದಳು. ಅಲ್ಲಿ ಅವಳ ಬಲಗೈ ತಾನಾಗಿ ಪಕ್ಕಕ್ಕೆ ಹೋಯಿತು, ಕೈಪಿಡಿ ಹಿಡಿಯಲು. ಅಲ್ಲಿ ಏನೂ ಇರಲಿಲ್ಲ. ಮಣೆ ಹಿಂದಕ್ಕೆ ಜಾರಿತು.

ಎರಡನೆಯ ಸಲ ಹಾಗೇ ಆಯಿತು. ಮೂರನೆಯ ಸಲ ಹೊಸ್ತಿಲನ್ನೇ ಬೆರಳಲ್ಲಿ ಹಿಡಿದುಕೊಂಡಳು. ನಾನು ಅಷ್ಟು ನುಣ್ಣಗೆ ಉಜ್ಜಿದ್ದ ಮರ, ಬೆರಳು ನಿಲ್ಲಲಿಲ್ಲ. ಐವತ್ತೆಂಟು ವರ್ಷದ ತೋಳು ಸೋತಿತ್ತು. ಹಿಂದಿನಿಂದ ಸ್ವಲ್ಪ ತಳ್ಳಲೇ ಎಂದು ಕೇಳಿದೆ. ಬೇಡ ಎಂದು ತಲೆಯಾಡಿಸಿದಳು. ಐದನೆಯ ಸಲ ಜಾರಿ ಬಂದವಳು ಅಂಗೈಯ ಧೂಳು ಒರೆಸಿಕೊಂಡಳು. ಬಾಗಿಲಾಚೆ ಗೇಟನ್ನು ನೋಡಿದಳು.

“ಎತ್ಕೊಳ್ಳೋ” ಅಂದಳು ತಮ್ಮನಿಗೆ.

ಮೇಸ್ತ್ರಿ ಒಳಗೆ ಬಂದು ಎತ್ತಿಕೊಂಡ. ದಿನಕ್ಕೆ ಐವತ್ತು ಮೂಟೆ ಸಿಮೆಂಟು ಹೊರುತ್ತಿದ್ದವನ ಕಾಲು ಹೊಸ್ತಿಲು ದಾಟುವಾಗ ತಡವರಿಸಿತು. ಬಾಗಿಲು ತಗ್ಗು, ಅವನಿಗೆ ಅಳು ಬಂದು ಏನೂ ಕಾಣುತ್ತಿರಲಿಲ್ಲ. ಅವನ ತಲೆ ಮೇಲಿನ ಚೌಕಟ್ಟಿಗೆ ಬಡಿಯುವಷ್ಟರಲ್ಲಿ ಅವಳು ಕೈ ಎತ್ತಿ ನಡುವೆ ಅಡ್ಡ ಹಿಡಿದಳು. ಬೆರಳ ಗೆಣ್ಣು ಮರಕ್ಕೆ ಬಡಿದು ಚರ್ಮ ಸುಲಿಯಿತು. “ನೋಡ್ಕೊಂಡು ಹೋಗೋ” ಅಂದಳು, ಅಷ್ಟೇ. ನಾನು ಎರಡು ಹಲಗೆ ಹಿಡಿದುಕೊಂಡು ಒಳಗೇ ನಿಂತಿದ್ದೆ.

ಇದಾಗಿ ಏಳು ತಿಂಗಳಾಯಿತು. ಪೇಟೆಯ ಮಹಡಿಯಲ್ಲಿ ಕಿಟಕಿಯ ಪಕ್ಕ ಯಂತ್ರ ಇಟ್ಟುಕೊಂಡಿದ್ದಾಳೆ, ಕೈತುಂಬ ಹೊಲಿಗೆ ಇದೆ, ನಾನು ಹೋದರೆ ಮೊದಲಿನಂತೆಯೇ ಕಾಲೆಳೆಯುತ್ತಾಳೆ. ಆ ಬಾಗಿಲಿನ ಮಾತು ಮಾತ್ರ ಎತ್ತುವುದಿಲ್ಲ. ಮೇಸ್ತ್ರಿ ಎಲ್ಲಿ ಕೆಲಸವಿದ್ದರೂ ಮಧ್ಯಾಹ್ನ ಊಟಕ್ಕೆ ಮನೆಗೆ ಬರುತ್ತಾನೆ. ಊಟ ಮುಗಿಸಿ ಕೈ ಒರೆಸಿಕೊಂಡು ಕೇಳುತ್ತಾನೆ. “ಅಕ್ಕಾ, ಸ್ವಲ್ಪ ಹೊತ್ತು ಕೆಳಗೆ ಕರ್ಕೊಂಡು ಹೋಗ್ಲಾ? ಬೀದಿ ನೋಡ್ಕೊಂಡು ಬರೋಣ.”

“ಕೆಲಸ ಇದೆ ಕಣೋ” ಅನ್ನುತ್ತಾಳೆ.

ಏಳು ತಿಂಗಳಿಂದ ದಿನವೂ ಕೇಳುತ್ತಿದ್ದಾನೆ. ಒಂದು ದಿನವೂ ಅವಳು ಹೂಂ ಅಂದಿಲ್ಲ.