ರೈಲಿಂದ ಇಳಿದವರ ಊರು

ತುಮಕೂರು ದಾಟಿದ ಮೇಲೆ ರೈಲು ಒಂದು ಉದ್ದನೆಯ ಏರು ಹತ್ತುತ್ತದೆ. ಏರು ಮುಗಿಯುವಲ್ಲಿ ಎರಡು ಬೋಳು ಗುಡ್ಡ, ನಡುವೆ ಒಂದು ಕೆರೆ. ಹಳಿಯ ಈಚೆ ರೈಲ್ವೆ ಕ್ವಾರ್ಟರ್ಸು, ಆಚೆ ಒಂದೇ ಒಂದು ಅಂಗಡಿ ಬೀದಿ. ನಾನು ಹುಟ್ಟಿದ್ದು ಆ ಬೀದಿಯಲ್ಲಿ. ಮದುವೆಯಾಗಿ ಬೆಂಗಳೂರಿಗೆ ಬಂದು ಚಾಮರಾಜಪೇಟೆಯ ಶಾಲೆಯೊಂದರಲ್ಲಿ ಮೇಷ್ಟ್ರಮ್ಮನಾದೆ.

ತೊಂಬತ್ತರ ದಶಕದಲ್ಲಿ ಮೀಟರ್ ಗೇಜ್ ಕಿತ್ತು ಬ್ರಾಡ್ ಗೇಜ್ ಹಾಕಿದರು. ಅದಾಗಿ ಕೆಲವು ವರ್ಷಕ್ಕೆ, ನಮ್ಮೂರಲ್ಲಿ ಇನ್ನು ಪ್ಯಾಸೆಂಜರ್ ರೈಲೂ ನಿಲ್ಲುವುದಿಲ್ಲವಂತೆ ಎಂಬ ಸುದ್ದಿ ಬಂತು. ತಂದವರು ಊರಿನ ಸ್ಟೇಷನ್ನಿನಲ್ಲಿ ರೈಲಿಗೆ ಹಳಿ ಬದಲಿಸಿಕೊಡುತ್ತಿದ್ದ ಹಳೆಯ ಪಾಯಿಂಟ್ಸ್‌ಮನ್. ನಿವೃತ್ತರಾಗಿ ಹನುಮಂತನಗರದಲ್ಲಿ ಮಗಳ ಜೊತೆ ಇದ್ದರು.

"ಬನ್ನಿ ಟೀಚರಮ್ಮ, ಒಂದ್ಸಲ ಕೇಳೇಬಿಡೋಣ" ಎಂದರು. ಅರ್ಜಿ ಹಿಡಿದು ಇಬ್ಬರೂ ರೈಲ್ವೆ ಕಚೇರಿಗೆ ಹೋದೆವು.

ಅಧಿಕಾರಿ ಅರ್ಜಿ ಓದಿ, "ಏನಿದೆ ಆ ಊರಲ್ಲಿ?" ಎಂದರು.

"ಮೊದಲು ಏನೂ ಇರ್ಲಿಲ್ಲ ಸಾರ್" ಎಂದರು ಪಾಯಿಂಟ್ಸ್‌ಮನ್. "ಏರು ಹತ್ತಿದ ಇಂಜಿನ್ನಿಗೆ ನೀರು ಬೇಕಾಯ್ತು, ಅಲ್ಲಿ ಕೆರೆ ಇತ್ತು. ನೀರೆತ್ತೋಕೆ ನಮ್ಮಪ್ಪ ಸೇಲಂ ಕಡೆಯಿಂದ ಬಂದ್ರು. ಟೀ ಮಾರೋಕೆ ಸಾಬರು ಗುಂತಕಲ್ಲಿಂದ ಬಂದ್ರು. ಇವ್ರ ತಾತ ಕಡ್ಲೆಕಾಯಿ ವ್ಯಾಪಾರಕ್ಕೆ ಬಂದ್ರು. ಎಲ್ರೂ ರೈಲಿಂದ ಇಳಿದೋರೇ. ಈಗ ರೈಲೇ ನಿಲ್ಲಲ್ಲ ಅಂದ್ರೆ ಹೆಂಗೆ?"

ಅಧಿಕಾರಿ ನಕ್ಕರು. ಆದರೆ ಕಡತ ಮುಚ್ಚುತ್ತಾ, "ಟಿಕೆಟ್ ತಗೊಳ್ಳೋರೇ ಇಲ್ಲಮ್ಮ. ಜನ ಎಲ್ಲಿದಾರೆ?" ಎಂದರು.

"ಇಲ್ಲೇ ಇದಾರೆ ಸಾರ್, ಬೆಂಗಳೂರಲ್ಲಿ. ತೋರಿಸ್ತೀವಿ" ಎಂದೆ. ಯೋಚಿಸಿ ಆಡಿದ ಮಾತಲ್ಲ.

ಆಮೇಲೆ ಹುಡುಕಾಟ ಶುರುವಾಯಿತು. ಕಾಟನ್‌ಪೇಟೆಯಲ್ಲಿ ಸಗಟು ಅಂಗಡಿ ಇಟ್ಟಿದ್ದ ನನ್ನ ಬಾಲ್ಯದ ಗೆಳತಿಯ ಅಣ್ಣ ಸಿಕ್ಕರು. ಅವರು ಮಲ್ಲೇಶ್ವರದಲ್ಲಿ ಹೂ ಕಟ್ಟುವ ಅಕ್ಕತಂಗಿಯರ ಗುರುತು ಹೇಳಿದರು. ಟೀ ಸಾಬರ ಮೊಮ್ಮಗಳು ನಮ್ಮ ಶಾಲೆಯ ಹಿಂದಿನ ಬೀದಿಯಲ್ಲೇ ಹೊಲಿಗೆ ಮಾಡುತ್ತಿದ್ದಳು! ಒಬ್ಬರು ಇನ್ನೊಬ್ಬರ ವಿಳಾಸ ಕೊಡುತ್ತ ಹೋದರು. ನನ್ನ ನೋಟ್‌ಬುಕ್ ತುಂಬಿತು. ಊರಲ್ಲಿ ಉಳಿದವರಿಗಿಂತ ಹೆಚ್ಚು ಊರವರು ಇಲ್ಲೇ ಇದ್ದರು.

ಒಂದು ಭಾನುವಾರ ಬೆಳಿಗ್ಗೆ ಎಲ್ಲರೂ ಮಲ್ಲೇಶ್ವರಂ ಸ್ಟೇಷನ್ನಿಗೆ ಬಂದೆವು. ಬುತ್ತಿ, ಮಕ್ಕಳು, ಮೊಮ್ಮಕ್ಕಳು. ಸಾಲಿನಲ್ಲಿ ಪ್ರತಿಯೊಬ್ಬರೂ ನಮ್ಮೂರಿನ ಹೆಸರನ್ನೇ ಹೇಳುತ್ತಿದ್ದರೆ ಟಿಕೆಟ್ ಕೊಡುವವನು ತಲೆಯೆತ್ತಿ, "ಅಲ್ಲೇನು, ಮದುವೆನಾ?" ಎಂದ.

ನಮ್ಮೂರು ಬಂತು. ಪ್ಲಾಟ್‌ಫಾರ್ಮಿನಲ್ಲಿ ಊರವರೆಲ್ಲ ನಿಂತಿದ್ದರು. ಇಳಿದೆವು, ಇಳಿದೆವು, ಮುಗಿಯಲೇ ಇಲ್ಲ. ಒಂದು ನಿಮಿಷದ ನಿಲುಗಡೆ ಯಾವಾಗಲೋ ಮೀರಿತ್ತು. ಗಾರ್ಡ್ ಹಸಿರು ಬಾವುಟ ಕಂಕುಳಲ್ಲಿಟ್ಟುಕೊಂಡು ಕೂಗಿದ: "ಇನ್ನೂ ಇದಾರೇನ್ರೀ?"

"ಇದಾರೆ, ತಡೀರಿ!" ಎಂದು ನಾನೂ ಕೂಗಿದೆ. ತರಗತಿಯಲ್ಲೂ ಅಷ್ಟು ಜೋರಾಗಿ ಕೂಗಿದವಳಲ್ಲ.

ಟಿಕೆಟ್ಟುಗಳನ್ನು ಅಂಟಿಸಿ ಎರಡನೇ ಅರ್ಜಿ ಕೊಟ್ಟೆವು. ಮುಂದಿನ ತಿಂಗಳುಗಳಲ್ಲೂ ಸರದಿಯ ಮೇಲೆ ಊರಿಗೆ ಹೋಗಿಬಂದೆವು. ಕೊನೆಗೆ ನಿಲುಗಡೆ ಮುಂದುವರಿಸಿದ್ದೇವೆ ಎಂಬ ಪತ್ರ ಬಂತು. ಹನುಮಂತನಗರಕ್ಕೆ ಓಡಿ ಓದಿ ಹೇಳಿದೆ. ಪಾಯಿಂಟ್ಸ್‌ಮನ್ ಎರಡು ಸಲ ಓದಿಸಿದರು. ಆಮೇಲೆ ಚಪ್ಪಲಿಯನ್ನೂ ಮೆಟ್ಟದೆ ಬೀದಿಗಿಳಿದು, ಸೊಪ್ಪು ಮಾರುವವಳನ್ನು ನಿಲ್ಲಿಸಿ ಹೇಳಿದರು:

"ನಮ್ಮೂರಲ್ಲಿ ರೈಲು ನಿಲ್ಲುತ್ತೆ ಕಣಮ್ಮ!"